ಮೊಕ್ ಸು ರುಬಿಯಾಳ ಗುಲಾಬಿ ಜೇನು

ಊರಿಗೆಲ್ಲ ಮೊಕ್ ಸು, ಎಂದರೆ ಚಿಕ್ಕಮ್ಮ, ಆದ ರುಬಿಯಾ ಮೂವತ್ತೊಂದು ವರ್ಷ ಬುಡು ಮಾಡುವ ಕೊಟ್ಟಿಗೆಯಲ್ಲಿ ರುಚಿ ನೋಡುವ ಕೆಲಸ ಮಾಡಿದವಳು. ಉಪ್ಪು ಬೆರೆಸಿದ ಸಣ್ಣ ಮೀನು ಹಂಡೆಗಳಲ್ಲಿ ತಿಂಗಳುಗಟ್ಟಲೆ ಕೊಳೆತು ಕಂದು ಗೊಜ್ಜಾಗುತ್ತದೆ. ಯಾವ ಹಂಡೆಯನ್ನು ಯಾವ ದಿನ ಸೋಸಬೇಕೆಂದು ಹೇಳುವುದು ಅವಳ ಪಾಲಿಗೆ ಬಂದಿತ್ತು. ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಇನ್ನು ಹನ್ನೊಂದು ದಿನ ಎಂದರೆ ಹನ್ನೊಂದೇ ದಿನ. ಒಮ್ಮೆ ಮಾಲೀಕ ಅವಸರಪಟ್ಟು ಒಂಬತ್ತನೇ ದಿನವೇ ಸೋಸಿಸಿದ. ಆ ಸಲದ ಬುಡುವನ್ನು ಬೆಕ್ಕು ಕೂಡ ಮೂಸಲಿಲ್ಲ ಎಂದು ಪಾಸಿರ್ ಗೆಲಾಮ್ ಊರಿನವರು ಈಗಲೂ ಹೇಳುತ್ತಾರೆ. ಬೆಕ್ಕಿನ ಮಾತು ಅತಿಯಾಯಿತೇನೋ, ಹಂಡೆ ಕೆಟ್ಟದ್ದು ಮಾತ್ರ ನಿಜ.

ಅವಳು ಕೊಟ್ಟಿಗೆಯ ಕೆಲಸ ಬಿಟ್ಟ ವರ್ಷವೇ ಮನೆಯ ಹಿಂಬಾಗಿಲ ಕಂಬ ಗುಂಯ್‌ಗುಡಲು ಶುರುವಾಯಿತು. ಗಂಡ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಮನೆಯಲ್ಲಿ ಅವಳನ್ನು ಬಿಟ್ಟರೆ ಸದ್ದು ಮಾಡುವವರು ಬೇರೆ ಇರಲಿಲ್ಲ. ಕಂಬಕ್ಕೆ ಗೆದ್ದಲು ಹಿಡಿದಿರಬೇಕೆಂದು ದೋಣಿ ಕಟ್ಟುವ ಬಡಗಿ ದೆರಮಾನನನ್ನು ಕರೆಸಿದಳು. ಊರಿಗೆ ಅವನು ಪೊಕ್ ತೆ ಎಂಬ ಚಿಕ್ಕಪ್ಪ, ಅವಳಿಗೆ ಮಾತ್ರ ದೊಡ್ಡಪ್ಪನ ಮಗ, ಅಬೆ, ಎಂದರೆ ಅಣ್ಣ. ದೆರಮಾನ್ ಉಳಿ ಇಟ್ಟು ಒಂದು ಚಕ್ಕೆ ಎಬ್ಬಿಸಿದ್ದೇ ತಡ, ಒಳಗಿನಿಂದ ಎಳ್ಳಿಗಿಂತ ತುಸು ದೊಡ್ಡದಾದ ಕಪ್ಪು ಹುಳಗಳು ದಬದಬನೆ ಹೊರಬಂದು ಅವನ ಹುಬ್ಬಿನ ಕೂದಲಿಗೆ ಜೋತುಬಿದ್ದವು. ಚುಚ್ಚಲು ಬಾರದ ಮುಜಂಟಿ ಜೇನು. ಅವನು ಹುಬ್ಬು ಉಜ್ಜಿಕೊಳ್ಳುತ್ತ ಕಂಬವನ್ನು ಸುಟ್ಟುಬಿಡೋಣ ಎಂದ. ಅಷ್ಟರಲ್ಲಿ ಅವಳು ಸೀಳಿನಿಂದ ಇಳಿದ ಒಂದು ಹನಿಯನ್ನು ಕಿರುಬೆರಳಿಗೆ ತಾಗಿಸಿಕೊಂಡಿದ್ದಳು.

"ಇದು ಗೆಲಾಮ್ ಹೂವು ಅಬೆ," ಎಂದಳು ಕಣ್ಣು ಮುಚ್ಚಿಕೊಂಡೇ. "ಕೆರೆ ಕಡೆಯದ್ದಲ್ಲ, ಸಮುದ್ರದ ಕಡೆಯದ್ದು. ಉಪ್ಪು ಗಾಳಿ ಇದೆ ಇದರಲ್ಲಿ."

ಅವತ್ತು ಕಂಬವನ್ನು ಸುಡಲಿಲ್ಲ. ದೆರಮಾನ್ ಹೊಸ ಕಂಬ ನಿಲ್ಲಿಸಿ, ಹಳೆಯದನ್ನು ಗೂಡಿನ ಸಮೇತ ಕೊಯ್ದು ರಂಬುಟಾನ್ ಮರದ ಕೆಳಗೆ ನೆಟ್ಟು, ತಲೆಗೆ ತಗಡಿನ ಟೋಪಿ ಹಾಕಿದ. ಹೊಸ ಕಂಬ ಎರಡಂಗುಲ ಗಿಡ್ಡವಾಗಿ, ಹಿಂಬಾಗಿಲು ಅಂದಿನಿಂದ ಇಂದಿನವರೆಗೂ ತಾನಾಗಿ ತೆರೆದುಕೊಳ್ಳುತ್ತದೆ. ಅದನ್ನು ಸರಿಮಾಡಲು ಆಮೇಲೆ ಯಾರಿಗೂ ಪುರುಸೊತ್ತಾಗಲಿಲ್ಲ. ಇಬ್ಬರಿಗೂ ಹುಳದ ಹುಚ್ಚು ಹಿಡಿದಿತ್ತು. ಎಲ್ಲಿ ಮರ ಬಿದ್ದರೂ ಓಡಿಹೋಗಿ ಕೊರಡಿಗೆ ಕಿವಿ ಇಡುವುದು, ಗೂಡಿದ್ದರೆ ತರುವುದು, ಕೊರಡಿನ ನೆತ್ತಿಯ ಮೇಲೆ ಪೆಟ್ಟಿಗೆ ಕೂರಿಸುವುದು, ಅದರೊಳಗೆ ಹುಳಗಳು ಅಂಟಿನಿಂದ ಕಟ್ಟುವ ಗೋಲಿಗಾತ್ರದ ಗಡಿಗೆಗಳನ್ನು ದಿನಕ್ಕೆ ಮೂರು ಸಲ ಮುಚ್ಚಳ ತೆಗೆದು ನೋಡುವುದು. ಹಾಗೆ ನೋಡಬಾರದೆಂದು ಇಬ್ಬರೂ ಒಬ್ಬರಿಗೊಬ್ಬರು ಹೇಳುತ್ತಲೇ ನೋಡುತ್ತಿದ್ದರು.

ನೋಡನೋಡುತ್ತ ಊರಿನಲ್ಲಿ ಮುಜಂಟಿ ಸಾಕುವವರು ಹದಿನಾಲ್ಕು ಜನರಾದರು. ಕ್ಷೌರದವನು, ನಿವೃತ್ತ ಪೊಲೀಸು, ಟೈರು ಅಂಗಡಿಯವನು, ಹೀಗೆ. ಯಾರೂ ಹೊಟ್ಟೆಪಾಡಿಗೆ ಸಾಕಿದವರಲ್ಲ. ವಿಜ್ಞಾನದ ಮೇಷ್ಟರಾಗಿದ್ದ ಚಿಕ್‌ಗು ಜವಾವಿಯವರು ಅಧ್ಯಕ್ಷರಾಗಿ ಒಂದು ಕೂಟ ಕಟ್ಟಿದರು. ತಿಂಗಳ ಮೊದಲ ಶುಕ್ರವಾರ, ರಜೆಯ ದಿನ, ಬೆಳಿಗ್ಗೆ ದಾರಿಬದಿಯ ತಂಗುಕಟ್ಟೆಯಲ್ಲಿ ಎಲ್ಲರೂ ಸೇರುವುದು. ಒಬ್ಬೊಬ್ಬರು ಒಂದೊಂದು ಬಾಟಲಿ ತರುವುದು. ಬಣ್ಣ ಕಾಣದಂತೆ ಬಾಟಲಿಗಳಿಗೆ ಕಾಗದ ಸುತ್ತಿ, ಚಿಕ್‌ಗು ಅವಕ್ಕೆ ಸಂಖ್ಯೆ ಹಾಕುವುದು. ಆಮೇಲೆ ಮೊಕ್ ಸು ರುಬಿಯಾ ಚಮಚ ಹಿಡಿದು ಸಾಲಿನ ತುದಿಯಿಂದ ಬರುವುದು.

ಅವಳು ಬರುವಾಗ ಗಂಡಸರು ಮದುವೆ ಗಂಡುಗಳ ಹಾಗೆ ನೆಟ್ಟಗೆ ಕೂರುತ್ತಿದ್ದರು. ಇದು ಕರಬಲ ಹೂವು, ಇದು ತೆಂಗಿನದು, ಇದು ಬೇಲಿಗೆ ಹಬ್ಬುವ ಮದುವಣಗಿತ್ತಿ-ಕಣ್ಣೀರು ಎಂಬ ಬಳ್ಳಿಯದು ಎಂದು ಅವಳು ಹೇಳುತ್ತ ಹೋದರೆ ತಪ್ಪುತ್ತಿರಲಿಲ್ಲ. ಒಮ್ಮೆ ಕ್ಷೌರದವನ ಜೇನು ನೆಕ್ಕಿ, ತೆಗೆಯುವ ಮುಂಚೆ ಕೈ ತೊಳೆಯಬೇಕಿತ್ತು, ತಲೆಗೆ ಹಚ್ಚುವ ಎಣ್ಣೆ ಬಿದ್ದಿದೆ ಎಂದಳು. ಅವನು ಒಂದು ವಾರ ಅಂಗಡಿಯಲ್ಲಿ ಮುಖ ಎತ್ತಲಿಲ್ಲ.

ಮುಜಂಟಿಯ ಜೇನು ಹುಳಿ ಇರಬೇಕು. ಸಿಹಿಯೇ ಸಿಹಿ ಇದ್ದರೆ ಸಾಕಿದವನು ಸಕ್ಕರೆ ನೀರು ಇಟ್ಟು ಹುಳಗಳನ್ನು ಸೋಮಾರಿ ಮಾಡಿದ್ದಾನೆಂದೇ ಅರ್ಥ. ಅದಕ್ಕೆ ರುಬಿಯಾಳೇ ಒಂದು ನಿಯಮ ಬರೆಸಿದ್ದಳು. ಸಕ್ಕರೆ ಜೇನು ತಂದವರು ಆ ಬಾಟಲಿಯನ್ನು ಎಲ್ಲರ ಎದುರಿಗೆ ತಾವೇ ಪೂರ್ತಿ ಕುಡಿದು ಮುಗಿಸಬೇಕು. ಅರ್ಧ ಲೀಟರು. ಬರೆಸುವಾಗ ಎಲ್ಲರೂ ನಕ್ಕಿದ್ದರು. ಆ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವನು ದೆರಮಾನ್.

ಅದು ನಡೆದು ಎರಡು ವರ್ಷ. ಆ ಶುಕ್ರವಾರ ಆರನೇ ಬಾಟಲಿಯ ಜೇನು ನಾಲಿಗೆಗೆ ತಾಗಿದ ಕೂಡಲೇ ಅವಳು ಚಮಚ ಕೆಳಗಿಟ್ಟು, ಸಕ್ಕರೆ, ಎಂದಳು. ಬಾಟಲಿ ತನ್ನದೆಂದು ದೆರಮಾನ್ ಎದ್ದು ನಿಂತ. ತನ್ನ ಮನೆ ಮುಂದೆ ಚೆಂಡೋಲ್ ಮಾರುವ ಗಾಡಿ ಬಂದಿದೆ, ಹಸಿರು ಸೇವಿಗೆಗೆ ಹಾಕುವ ಬೆಲ್ಲದ ಪಾಕಕ್ಕೆ ಹುಳ ಹೋಗುತ್ತವೆ, ತಾನು ಒಂದು ಹರಳು ಸಕ್ಕರೆಯನ್ನೂ ಇಟ್ಟಿಲ್ಲ ಎಂದ. ಎಳ್ಳಿನಷ್ಟಿರುವ ಹುಳಕ್ಕೆ ಮೂಗುದಾರ ಹಾಕಲು ಆಗುತ್ತದೆಯೇ ಎಂದೂ ಕೇಳಿದ. ಕೂಟದವರು ನಕ್ಕರು. ರುಬಿಯಾ ನಗಲಿಲ್ಲ.

"ಗಾಡಿ ಕಥೆ ಬೇಡ ಅಬೆ. ಬಾಟಲಿನೇ ಮಾತಾಡ್ತಿದೆ," ಎಂದುಬಿಟ್ಟಳು.

ಅವನು ನಿಂತಲ್ಲೇ ಅರ್ಧ ಲೀಟರು ಕುಡಿದ. ಬಾಟಲಿಯ ಬಾಯಿಯನ್ನು ಉಟ್ಟ ಸರೊಂಗಿನ ಅಂಚಿನಿಂದ ಒರೆಸಿ, ಕಟ್ಟೆಯ ಮೇಲೆ ಬೋರಲು ಹಾಕಿ, ಸೈಕಲ್ ಹತ್ತಿ ಹೋದ. ಮತ್ತೆ ಕೂಟಕ್ಕೆ ಬರಲಿಲ್ಲ, ಅವಳ ಮನೆಗೂ ಬರಲಿಲ್ಲ. ಮೊದಲು ವಾರಕ್ಕೆ ನಾಲ್ಕು ಸಲ ಬಂದು, ಅಡುಗೆಮನೆಯ ಮೆಟ್ಟಿಲಲ್ಲಿ ಕೂತು, ಕಾಫಿಗೆ ಹೆಸರಿಟ್ಟು, ಆ ಕಾಫಿಯನ್ನೇ ಎರಡು ಲೋಟ ಕುಡಿದು ಹೋಗುತ್ತಿದ್ದವನು. ಎರಡು ಲೋಟ ಇಡುವ ರೂಢಿ ತಪ್ಪಿಸಿಕೊಳ್ಳಲು ಅವಳಿಗೆ ಬಹಳ ದಿನ ಹಿಡಿಯಿತು.

ಈ ವರ್ಷ ಪಕ್ಕದ ಮನೆಯ ಕಾಕ್ ಸೆನಾಳ ಮಗಳ ಮದುವೆ ಬಂತು. ಊರಿನ ರೂಢಿಯಂತೆ ಎಲ್ಲರೂ ಕೆಲಸ ಹಂಚಿಕೊಂಡರು. ದನ ಕಡಿಯಲು ಕೆಲವರು, ತೆಂಗು ತುರಿಯಲು ಕೆಲವರು. ಸಾವಿರ ಜನಕ್ಕೆ ಕೆಂಪು ಶರಬತ್ತು ಬೆರೆಸುವ ಕೆಲಸ ರುಬಿಯಾಳದು. ಬೇರೆ ಯಾರಾದರೂ ಬೆರೆಸಿದರೆ ಅವಳು ರುಚಿ ನೋಡಿ ಏನಾದರೂ ಅನ್ನುತ್ತಾಳೆ, ಅದಕ್ಕಿಂತ ಅವಳೇ ಬೆರೆಸಲಿ ಎಂದು ಸೆನಾ ಮೊದಲೇ ತೀರ್ಮಾನಿಸಿದ್ದಳು. ದೆರಮಾನ್ ಮದುವೆಗೆ ಹೆಂಡತಿಯನ್ನು ಕಳಿಸಿ ತಾನು ಬರಲಿಲ್ಲ. ದೋಣಿಗೆ ಎಣ್ಣೆ ಹಚ್ಚುವುದಿತ್ತಂತೆ.

ಮದುವೆ ಮುಗಿದಾಗ ಗಟ್ಟಿ ಪಾಕ ಎರಡು ಜಾಡಿಯಷ್ಟು ಉಳಿಯಿತು. ಚೆಲ್ಲಿಬಿಡು ಎಂದಳು ಸೆನಾ. ಉಪ್ಪು ಹಾಕಿದ ಮೀನಿನ ತಲೆಯನ್ನೂ ಚೆಲ್ಲದೆ ಮೂವತ್ತೊಂದು ವರ್ಷ ಕಳೆದ ಹೆಂಗಸಿಗೆ ಎರಡು ಜಾಡಿ ಪಾಕ ಚೆಲ್ಲಲು ಕೈ ಬರುತ್ತದೆಯೇ? ಬುಡು ಜಾಡಿಗೆ ಕಟ್ಟುವ ಹಾಗೆ ಬಾಯಿಗೆ ಬಟ್ಟೆ ಬಿಗಿದು ಹಿತ್ತಲ ಜಗಲಿಯಲ್ಲಿ ಇಟ್ಟಳು. ಒಂದು ಜಾಡಿಯ ಬಟ್ಟೆಯ ಮಡಿಕೆಯಲ್ಲಿ ಸಣ್ಣ ಸಂದು ಉಳಿದಿತ್ತು. ನೊಣ ತೂರುವಷ್ಟಲ್ಲ. ಬುಡುವಿನ ಜಾಡಿಗೆ ಅಷ್ಟು ಉಳಿದರೆ ಏನೂ ಆಗುವುದಿಲ್ಲ.

ಮುಂದಿನ ಕೂಟಕ್ಕೆ ಮೂರು ದಿನ ಇರುವಾಗ, ಮಂಗಳವಾರ, ಅವಳು ಜೇನು ತೆಗೆಯಲು ಹೋಗಿ ಮೊದಲ ಕೊರಡಿನ ಪೆಟ್ಟಿಗೆ ತೆರೆದಳು. ಗಡಿಗೆಗಳು ತುಂಬಿ ತುಳುಕುತ್ತಿದ್ದವು. ಹುಳಗಳು ಈ ಸಲ ಚೆನ್ನಾಗಿ ದುಡಿದಿವೆ ಎಂದು ಹಿಗ್ಗಿ, ಒಂದು ಗಡಿಗೆಗೆ ಕೊಳವೆ ಚುಚ್ಚಿ ಹೀರಿದಳು. ಹೀರಿದವಳು ಹಾಗೇ ನಿಂತಳು.

ಗುಲಾಬಿ.

ನಾಲಿಗೆಗೆ ವಯಸ್ಸಾಯಿತೇನೋ ಎಂದು ಒಳಗೆ ಹೋಗಿ ಬುಡು ಮುಟ್ಟಿ ನೋಡಿದಳು. ಬುಡು ಬುಡುವಾಗಿಯೇ ಇತ್ತು. ಬಾಯಿ ಮುಕ್ಕಳಿಸಿ ಎರಡನೇ ಕೊರಡಿಗೆ ಹೋದಳು, ಮೂರನೆಯದಕ್ಕೆ ಹೋದಳು. ಅಂಗೈಗೆ ಸುರಿದುಕೊಂಡು ನೋಡಿದರೆ ಬಣ್ಣವೂ ಮದುವಣಗಿತ್ತಿಯ ಕೆನ್ನೆಯ ಹಾಗೆ ಇತ್ತು. ಹನ್ನೊಂದು ಕೊರಡುಗಳಲ್ಲಿ ಒಂಬತ್ತು ಹೀಗೇ. ಹಿತ್ತಲ ಕೊನೆಯ ತೆಂಗಿನ ಬುಡದ ಎರಡು ಮಾತ್ರ ಎಂದಿನಂತೆ ಹುಳಿಯಾಗಿ, ಗಂಭೀರವಾಗಿ ಉಳಿದಿದ್ದವು. ಆಮೇಲೆ ಅವಳು ಜಗಲಿಯ ಕಡೆ ತಿರುಗಿದಳು. ಜಾಡಿಯ ಬಟ್ಟೆಯ ಸಂದಿನಿಂದ ಹಿತ್ತಲಿನ ಕೊರಡುಗಳವರೆಗೆ ಗಾಳಿಯಲ್ಲಿ ಒಂದು ಕಪ್ಪು ದಾರ ಎಳೆದಂತೆ ಹುಳಗಳ ಸಾಲು ಹೋಗುತ್ತಿತ್ತು, ಬರುತ್ತಿತ್ತು. ಜಾಡಿಯಲ್ಲಿ ಪಾಕ ಒಂದು ಗೇಣು ಇಳಿದಿತ್ತು.

ಬೇಲಿಯಾಚೆಯಿಂದ ಸೆನಾ ಎಲ್ಲ ನೋಡುತ್ತಿದ್ದಳು. ವಿಷಯ ತಿಳಿದದ್ದೇ ಸೊಂಟ ಹಿಡಿದುಕೊಂಡು ನಕ್ಕಳು.

"ನಿನ್ನ ಹುಳಕ್ಕೂ ನಾನು ಕರೆಯೋಲೆ ಕಳಿಸಿದ್ದೆನಲ್ಲ ಮೊಕ್ ಸು, ನೀನೇ ಓದಿ ಹೇಳಿರಬೇಕು ಅವಕ್ಕೆ."

ಆ ಎರಡು ಕೊರಡಿನ ಜೇನು ಚೆನ್ನಾಗಿದೆಯಲ್ಲ, ಅದನ್ನೇ ತೆಗೆದುಕೊಂಡು ಹೋದರಾಯಿತು, ಅದಕ್ಕೇನು ಮುಖ ಸಪ್ಪಗೆ ಮಾಡಿಕೊಳ್ಳುತ್ತೀ ಎಂದೂ ಕೇಳಿದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಯಾವ ಕೊರಡಿನಿಂದ ತರಬೇಕೆಂದು ನಿಯಮದಲ್ಲಿ ಇಲ್ಲ. ಒಳ್ಳೆಯ ಜೇನು ಒಯ್ದು, ಎಲ್ಲರ ಬಾಟಲಿಗೂ ತೀರ್ಪು ಕೊಟ್ಟು, ಕಾಫಿ ಕುಡಿದು ಬರಬಹುದಿತ್ತು. ರುಬಿಯಾಳನ್ನು ಕಾಡಿದ್ದು ಅದಲ್ಲ. ಹುಳಗಳು ಹೇಳದೆ ಕೇಳದೆ ಪಾಕದ ಜಾಡಿಗೆ ಹೋಗುತ್ತವೆ ಎಂದಾದರೆ, ಚೆಂಡೋಲ್ ಗಾಡಿಗೂ ಹೋಗುತ್ತವೆ. ದೆರಮಾನ್ ಎರಡು ವರ್ಷದ ಹಿಂದೆ ನಿಜ ಹೇಳಿ ಅರ್ಧ ಲೀಟರು ಕುಡಿದಿದ್ದ.

ಬುಧವಾರ ಮಧ್ಯಾಹ್ನ ಅವಳು ಕೊಡೆ ಬಿಚ್ಚಿಕೊಂಡು ಅವನ ದೋಣಿಕಟ್ಟೆಗೆ ಹೋದಳು. ದೆರಮಾನ್ ಮಗುಚಿ ಹಾಕಿದ ದೋಣಿಯ ಹೊಟ್ಟೆ ಕೆರೆಯುತ್ತಿದ್ದ. ತಲೆ ಎತ್ತಿ ನೋಡಿ ಮತ್ತೆ ಕೆರೆದ. ಅವಳು ಬಂದ ವಿಷಯವನ್ನು ಸುತ್ತಿ ಬಳಸದೆ ಹೇಳಿದಳು.

"ಎಷ್ಟು ಕೊರಡು?" ಎಂದು ಕೇಳಿದ.

"ಒಂಬತ್ತು."

"ಇನ್ನೆರಡು?"

"ಚೆನ್ನಾಗಿವೆ."

"ಮತ್ತೆ ಅದನ್ನೇ ತಗೊಂಡು ಹೋಗು. ಯಾರಿಗೆ ಗೊತ್ತಾಗ್ತದೆ?"

"ನಿನಗೆ."

"ನೀನೇ ಬಂದು ಹೇಳಿದ್ದಕ್ಕೆ ಗೊತ್ತಾಯ್ತು. ಮನೇಲೇ ಇದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ," ಎಂದು ಅವನು ಉಳಿಯ ಅಲಗನ್ನು ಹೆಬ್ಬೆರಳಿನಿಂದ ಒರೆಸಿದ. "ಬುದ್ಧಿ ಇಲ್ಲ ನಿನಗೆ, ಸು."

ಆಮೇಲೆ ಒಳಗೆ ಹೋಗಿ ಒಂದು ಬಾಟಲಿ ತಂದ. ತಾನು ಕಟ್ಟೆಯಲ್ಲಿ ಕುಡಿದು ಮುಗಿಸಿದ್ದ ಆ ಜೇನಿನದೇ ಇನ್ನೊಂದು ಬಾಟಲಿ ಅದು. ಎಂದಾದರೊಂದು ದಿನ ಯಾರಿಗಾದರೂ ತೋರಿಸೋಣವೆಂದು ಇಟ್ಟಿದ್ದನಂತೆ. ಉಬ್ಬಿ ಸಿಡಿಯಬಾರದೆಂದು ದಿನ ಬಿಟ್ಟು ದಿನ ಮುಚ್ಚಳ ತೆಗೆದು ಗಾಳಿ ಬಿಡುತ್ತಿದ್ದನಂತೆ. ಈಗ ಅದು ಹುಳಿ ಏರಿ ಏರಿ ವಿನೆಗರ್ ಆಗಿತ್ತು. ಅರ್ಧವನ್ನು ಹೆಂಡತಿ ಮಾವಿನಕಾಯಿ ಉಪ್ಪಿನಕಾಯಿಗೆ ಸುರಿದು ಮುಗಿಸಿದ್ದಳು. ಉಳಿದದ್ದು ತನ್ನ ಮಾನ ಎಂದು ಹೇಳಿ ಬಾಟಲಿಯನ್ನು ಅವಳ ಮುಂದೆ ಇಟ್ಟ.

ಅವಳು ಕಿರುಬೆರಳು ಅದ್ದಿದಳು. ಕಣ್ಣು ಮುಚ್ಚಿದಳು. ಹುಳಿ ಕಣ್ಣಿಗೆ ನೀರು ತರಿಸಿತು, ಆದರೂ ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಬಹಳ ಹೊತ್ತು ರುಚಿ ನೋಡಿದಳು. ದೆರಮಾನ್ ಕೆರೆಯುವುದನ್ನು ನಿಲ್ಲಿಸಿದ.

"ಪಾಂಡನ್ ಎಲೆ," ಎಂದಳು ಕೊನೆಗೆ. "ತೆಂಗಿನ ಬೆಲ್ಲ. ಕಾಯಿಸೋವಾಗ ಅಡಿ ಹಿಡಿಸಿದ್ದಾನೆ. ತೆಂಗಿನ ಹಾಲಿನ ಜಿಡ್ಡೂ ಇದೆ, ಒಂದು ಚೂರು."

"ದಿನಾ ಅಡಿ ಹಿಡಿಸ್ತಿದ್ದ ಆ ಗಾಡಿಯವನು," ಎಂದ ದೆರಮಾನ್. "ಅದಕ್ಕೇ ವ್ಯಾಪಾರ ಆಗದೆ ಹೊರಟೋದ." ಬಾಟಲಿಯ ಮುಚ್ಚಳ ಬಿಗಿದು ಕೇಳಿದ: "ಇಷ್ಟೆಲ್ಲ ಅವತ್ತೂ ಇತ್ತಲ್ಲ ಅದರಲ್ಲಿ. ಅವತ್ತು ಯಾಕೆ ಹೇಳಲಿಲ್ಲ?"

ರುಬಿಯಾ ಕೊಡೆಯ ಹಿಡಿಯನ್ನು ತಿರುಗಿಸುತ್ತ ಕೂತಳು. ಈ ಪ್ರಶ್ನೆಗೆ ಉತ್ತರ ಅವಳಿಗೆ ಮಂಗಳವಾರವೇ ಸಿಕ್ಕಿತ್ತು, ಹೇಳುವುದು ಮಾತ್ರ ಬಾಕಿಯಿತ್ತು.

"ಸಕ್ಕರೆ ಅಂತ ಗೊತ್ತಾದ ಕೂಡಲೇ ಚಮಚ ಕೆಳಗಿಟ್ಟೆ. ಮುಂದಕ್ಕೆ ರುಚಿ ನೋಡಲೇ ಇಲ್ಲ ಅಬೆ. ತಪ್ಪು ಸಿಕ್ತಲ್ಲ, ಸಾಕು ಅನ್ನಿಸ್ತು."

"ಬುಡು ಆಗಿದ್ರೆ ಹನ್ನೊಂದು ದಿನ ಕಾಯ್ತಿದ್ದೆ ನೀನು. ನನಗೆ ಹನ್ನೊಂದು ಉಸಿರೂ ಕಾಯಲಿಲ್ಲ."

ಅವಳು ಎದ್ದು ಕೊಡೆ ಬಿಚ್ಚಿದಳು. ಶುಕ್ರವಾರ ಬಾ ಎಂದು ಕರೆದಳು. ಅವನು ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ, ದೋಣಿಗೆ ಇನ್ನೊಂದು ಕೈ ಎಣ್ಣೆ ಆಗಬೇಕು ಎಂದ. ಹೋಗುವಾಗ ಮಾತ್ರ, ಬಾಟಲಿಯನ್ನು ಪೂರ್ತಿ ತುಂಬಿಸಿಕೊಂಡು ಹೋಗು, ಕಡಿಮೆ ತುಂಬಿಸಿ ಮೋಸ ಮಾಡಬೇಡ ಎಂದು ಹಿಂದಿನಿಂದ ಹೇಳಿದ.

ಶುಕ್ರವಾರ ಬೆಳಿಗ್ಗೆ ತಂಗುಕಟ್ಟೆಯಲ್ಲಿ ಹದಿಮೂರು ಬಾಟಲಿಗಳು ಸಾಲಾಗಿ ನಿಂತವು. ಶಂಖಪುಷ್ಪದ ಬಣ್ಣ ಹಾಕಿದ ನೀಲಿ ಅನ್ನದ ಪೊಟ್ಟಣಗಳು, ಮೀನಿನ ಹಪ್ಪಳ, ಕಾಫಿ ಎಲ್ಲ ಬಂದಿದ್ದವು, ಆದರೆ ರುಚಿ ನೋಡುವುದು ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ದೆರಮಾನ್ ಬಂದಿರಲಿಲ್ಲ. ರುಬಿಯಾ ಎರಡು ಸಲ ರಸ್ತೆಯ ಕಡೆ ನೋಡಿ, ತಲೆವಸ್ತ್ರ ಸರಿಮಾಡಿಕೊಂಡು, ಚಮಚ ತೆಗೆದುಕೊಂಡಳು. ಮೊದಲನೆಯದು ಅಕೇಶಿಯಾ. ಎರಡನೆಯದು ತೆಂಗು. ಮೂರನೆಯದು ಮೂರು ಹೂವು ಬೆರೆತದ್ದು. ಹೀಗೆ ಸಾಗಿ ಒಂಬತ್ತನೆಯದನ್ನು ಚಮಚಕ್ಕೆ ಬಗ್ಗಿಸಿದಳು. ಬೆಳಗಿನ ಬಿಸಿಲಿಗೆ ಅದು ಗುಲಾಬಿ ಬಣ್ಣದಲ್ಲಿ ಹೊಳೆಯಿತು. ಕೂತವರು ಮುಂದಕ್ಕೆ ಬಾಗಿದರು. ಕ್ಷೌರದವನು ತನ್ನ ಬಾಟಲಿಯ ಸಂಖ್ಯೆ ಏನೆಂದು ಚಿಕ್‌ಗು ಅವರನ್ನು ಮೆಲ್ಲಗೆ ಕೇಳಿ ಖಚಿತ ಮಾಡಿಕೊಂಡ.

ರುಬಿಯಾ ಬಾಯಿಗೆ ಹಾಕಿಕೊಂಡಳು. ತನ್ನ ಕೈಯಾರೆ ತುಂಬಿಸಿ ತಂದದ್ದಾದರೂ ಬೇರೆಯವರದನ್ನು ನೋಡಿದಷ್ಟೇ ಹೊತ್ತು, ಬಹುಶಃ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಸಕ್ಕರೆ," ಎಂದಳು. ಆದರೆ ಚಮಚ ಕೆಳಗಿಡಲಿಲ್ಲ. "ಬಿಳಿ ಸಕ್ಕರೆ, ಗುಲಾಬಿ ಎಸೆನ್ಸು, ಪಾಕಕ್ಕೆ ಹಾಕಿದ ಒಂದು ಲವಂಗ. ಸೆನಾ ಮನೆ ಮದುವೆಯದ್ದು. ಬೆರೆಸಿದವಳು ನಾನು, ಜಾಡಿ ನನ್ನದು, ಹುಳ ನನ್ನವು, ಬಾಟಲಿನೂ ನನ್ನದೇ."

ಯಾರಿಗೂ ತಕ್ಷಣ ನಗು ಬರಲಿಲ್ಲ. ನಗಬಹುದೋ ಇಲ್ಲವೋ ಎಂದು ಗೊತ್ತಾಗದೆ ಎಲ್ಲರೂ ಚಿಕ್‌ಗು ಮುಖ ನೋಡಿದರು. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಎರಡು ವರ್ಷದ ಹಿಂದಿನ ಆರನೇ ಬಾಟಲಿಯಲ್ಲಿ ಪಾಂಡನ್ ಎಲೆ, ಅಡಿ ಹಿಡಿದ ಬೆಲ್ಲ, ತೆಂಗಿನ ಹಾಲು ಎಲ್ಲ ಇತ್ತು, ಹುಡುಕದೇ ಬಿಟ್ಟದ್ದು ತನ್ನ ನಾಲಿಗೆ, ದೆರಮಾನ್ ಹೇಳಿದ ಒಂದೊಂದು ಮಾತೂ ನಿಜ ಎಂದು ಹೇಳಿ ಮುಗಿಸಿ ಬಾಟಲಿ ಎತ್ತಿಕೊಂಡಳು.

ಚಿಕ್‌ಗು ಜವಾವಿಯವರು ಕೈ ಅಡ್ಡ ಹಿಡಿದರು. ತಿಳಿಯದೆ ಆದದ್ದಕ್ಕೆ ಶಿಕ್ಷೆ ಬೇಡ, ನಿಯಮಕ್ಕೆ ಇಂದೇ ತಿದ್ದುಪಡಿ ತರೋಣ, ಇಷ್ಟಕ್ಕೂ ಅರವತ್ತೇಳರ ವಯಸ್ಸಿಗೆ ಅರ್ಧ ಲೀಟರು ಜೇನು ವಿಜ್ಞಾನದ ಪ್ರಕಾರವೂ ಒಳ್ಳೆಯದಲ್ಲ ಎಂದರು.

"ಅವನು ಕುಡಿಯೋವಾಗ ತಿಳಿದೋ ತಿಳಿಯದೆಯೋ ಅಂತ ನಾವು ಕೇಳಿದ್ವಾ ಚಿಕ್‌ಗು? ನಾನು ಕುಡಿದು ಮುಗಿಸ್ತೀನಿ, ಆಮೇಲೆ ನೀವು ಬರಕೊಳ್ಳಿ. ಸಕ್ಕರೆ ಅಂದವರು ಯಾವ ಸಕ್ಕರೆ, ಎಲ್ಲಿಂದ ಬಂತು ಅಂತ ಹೇಳೋವರೆಗೂ ಚಮಚ ಕೆಳಗಿಡಬಾರದು."

ಕುಡಿಯಲು ಶುರುಮಾಡಿದಳು. ಮೊದಲ ನಾಲ್ಕು ಗುಟುಕು ಸಲೀಸಾಗಿ ಇಳಿದವು. ಐದನೆಯದಕ್ಕೆ ನಿಂತು ಉಸಿರು ತೆಗೆದುಕೊಂಡಳು. ಏಳನೆಯದಕ್ಕೆ ಕಟ್ಟೆಯ ಕಂಬ ಹಿಡಿದುಕೊಂಡಳು. ಟೈರು ಅಂಗಡಿಯವನು ನೀರು ತರಲೇ ಎಂದು ಕೇಳಿದ, ಅವಳು ಕಣ್ಣಿನಲ್ಲೇ ಅವನನ್ನು ಕೂರಿಸಿದಳು. ಬಾಟಲಿ ಅರ್ಧಕ್ಕೆ ಬಂದಿತ್ತು. ಸಿಹಿ ಗಂಟಲಿನವರೆಗೆ ಏರಿ ನಿಂತಿತ್ತು. ತಾನು ಇಷ್ಟು ಗಟ್ಟಿಯಾಗಿ ಪಾಕ ಕಾಸಬಾರದಿತ್ತು ಎಂದು ಅವಳಿಗೆ ಆಗ ಮನಸ್ಸಾರೆ ಅನ್ನಿಸಿತು.

ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ದೆರಮಾನ್ ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ ಯಾರಿಗೂ ಗೊತ್ತಿಲ್ಲ. ಕೈಗೆ ಎಣ್ಣೆ ಮೆತ್ತಿಕೊಂಡೇ ಬಂದಿದ್ದ. ಕ್ಷೌರದವನು ಜರುಗಿ ಜಾಗ ಮಾಡಿದ. ದೆರಮಾನ್ ಕೂರಲಿಲ್ಲ. ರುಬಿಯಾಳ ಎದುರಿಗೆ ಬಂದು ಕೈ ಚಾಚಿದ.

"ಕೊಡು ಇತ್ತ. ಮದುವೆಗಂತೂ ಬರಲಿಲ್ಲ, ಶರಬತ್ತಾದರೂ ಕುಡೀತೀನಿ."

ನಿಯಮದಲ್ಲಿ ಹಾಗಿಲ್ಲ ಎಂದು ಅವಳು ಹೇಳಲು ಹೋದಳು. ಬಾಯಿ ಅಂಟಿಕೊಂಡು ಮಾತು ಹೊರಡಲಿಲ್ಲ. ಅವನು ಬಾಟಲಿ ಬಿಡಿಸಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಉಳಿದ ಅರ್ಧವನ್ನು ಗಟಗಟನೆ ಇಳಿಸಿದ. ಎಲ್ಲರೂ ಕಾದರು. ಅವನು ಅವಳ ಹಾಗೆಯೇ ಕಣ್ಣು ಮುಚ್ಚಿ, ಅವಳ ಹಾಗೆಯೇ ನಾಲಿಗೆಯನ್ನು ಅಂಗುಳಿಗೆ ತಾಗಿಸಿ, ಅವಸರವಿಲ್ಲದೆ ರುಚಿ ನೋಡಿದ.

"ಸು," ಎಂದ ಕಣ್ಣು ತೆರೆದು, "ಸಾವಿರ ಜನಕ್ಕೆ ಒಂದೇ ಲವಂಗ ಹಾಕಿದ್ಯಾ ನೀನು?"

ಕೂಟದವರಿಗೆ ಈಗ ನಗಬಹುದೆಂದು ಗೊತ್ತಾಯಿತು.